ಹೊಡೆದು ಹಾಕಿದ ಸೊನ್ನೆ

ಬಾಗಿಲಲ್ಲಿ ನಿಂತವನ ಕೈಯಲ್ಲಿ ಪೈಪ್ ರೆಂಚು ಇತ್ತು. ಇನ್ನು ಯಾರು, ಏನು ಎಂದು ಕೇಳುವುದೇನಿದೆ? ಯಶಸ್ವಿನಿ ಮುಖ ನೋಡದೆಯೇ ಹೇಳಿದಳು.

"ನಲ್ಲಿ ಹಿಂದುಗಡೆ ಇದೆ. ಮೂರು ವಾರದಿಂದ ಸೋರ್ತಿದೆ. ಈಗ ನೆನಪಾಯ್ತಾ ನಿಮಗೆ?"

ಬಂದವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು ಹಿಂದುಗಡೆಗೆ ಹೋದ.

ಅವಳದೂ ತಪ್ಪೆನ್ನುವಂತಿಲ್ಲ ಬಿಡಿ. ಸೋಮವಾರದಿಂದ ಬುಧವಾರದವರೆಗೆ ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜು. ಗುರುವಾರ, ಶುಕ್ರವಾರ ಅರಕಲಗೂಡಿನಲ್ಲಿ ಡಿಗ್ರಿ ಮಕ್ಕಳಿಗೆ ಪಾಠ. ಶನಿವಾರ ಚನ್ನರಾಯಪಟ್ಟಣದ ಮನೆಯ ಜಗಲಿಯಲ್ಲಿ ಪಿಯುಸಿ ಹುಡುಗರು. ಭಾನುವಾರವಾದರೂ ಕಾಲು ಚಾಚೋಣವೆಂದರೆ ಹೊಳೆನರಸೀಪುರ. ದೊಡ್ಡಪ್ಪನ ಮಗ ಪರಮೇಶನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಂಜಿನಿಯರಿಂಗ್ ಗಣಿತ ಪಾಸಾಗದೆ ಉಳಿದವರಿಗೆ ಟ್ಯೂಷನ್. ಎಂಟು ವರ್ಷದಿಂದ ಅವಳು ಅತಿಥಿ ಉಪನ್ಯಾಸಕಿ. ಎಂಟು ವರ್ಷ ಇರುವ ಅತಿಥಿಯನ್ನು ನೀವು ಯಾರ ಮನೆಯಲ್ಲಾದರೂ ನೋಡಿದ್ದೀರಾ? ಮೂವತ್ತೆರಡಕ್ಕೇ ಮೈ ಹಣ್ಣಾಗಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಸಾಕು, ಸ್ಟಾಪು ಬಂದಾಗ ಕಂಡಕ್ಟರುಗಳೇ ಎಬ್ಬಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವ ಸದ್ದು ನಿಂತಿತು. ಆತ ಕೈ ಒರೆಸಿಕೊಳ್ಳುತ್ತಾ ಬಂದು, ಕೊನೆಯ ಬೆಂಚಿನಲ್ಲಿ ಕುಳಿತು, ಚೀಲದಿಂದ ನೋಟ್‌ಬುಕ್ ತೆಗೆದ.

"ಆಯ್ತಲ್ಲ? ಎಷ್ಟು ಕೊಡಬೇಕು?" ಎಂದಳು ಯಶಸ್ವಿನಿ.

"ನಾನೇ ಕೊಡ್ಬೇಕು ಮೇಡಂ. ಟ್ಯೂಷನ್‌ಗೆ ಬಂದೋನು ನಾನು."

ಮುಂದಿನ ಬೆಂಚಿನ ನಾಲ್ಕು ಹುಡುಗರು ಗೊಳ್ಳೆಂದು ನಕ್ಕರು. ಯಶಸ್ವಿನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮತ್ತೆ ಆ ರೆಂಚು?"

"ಡ್ಯೂಟಿಯಿಂದ ಸೀದಾ ಬಂದೆ."

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನೀವು ಬೈದಿದ್ ನೋಡಿ, ಮೊದ್ಲು ನಲ್ಲಿ ಸರಿ ಮಾಡೋದೇ ವಾಸಿ ಅನ್ನುಸ್ತು."

ಹೇಳುವಾಗ ಅವನು ನಗಲಿಲ್ಲ. ಆದರೆ ಕಣ್ಣಿನ ಅಂಚಿನಲ್ಲಿ ನಗೆ ಬಂದು ಕುಳಿತಿತ್ತು, ಕರೆದರೆ ಬಂದೇಬಿಡುತ್ತೇನೆ ಎನ್ನುವಂತೆ. ಬಹಳ ದಿನಗಳ ಮೇಲೆ ಯಶಸ್ವಿನಿಗೂ ನಗು ಬಂತು.

ಹೆಸರು ಹರ್ಷವರ್ಧನ್. ವಯಸ್ಸು ಮೂವತ್ತನಾಲ್ಕು, ಊರು ಹಳೇಕೋಟೆ. ನೀರು ಸರಬರಾಜಿನ ಗುತ್ತಿಗೆದಾರರೊಬ್ಬರ ಹತ್ತಿರ ಸೂಪರ್‌ವೈಸರ್. ಪಟ್ಟಣದ ಪೈಪುಗಳ ಮೇಲೆ ನಡೆದು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸ. ಡಿಪ್ಲೊಮಾ ಮುಗಿಸಿ, ದುಡಿದು, ತಡವಾಗಿ ಬಿ.ಇ. ಸೇರಿದ್ದ. ಎಲ್ಲ ಪಾಸಾಗಿ ಒಂದು ಗಣಿತ ಮಾತ್ರ ಉಳಿದಿತ್ತು. ಒಮ್ಮೆ ಬರೆದು ಮೂರು ಅಂಕಕ್ಕೆ ಹೋಯಿತು. ಮರುವರ್ಷ ಪರೀಕ್ಷೆಯ ಹೊತ್ತಿಗೆ ಅಪ್ಪ ಚನ್ನಪ್ಪ ತೀರಿಕೊಂಡ. ಆಮೇಲೆ ಓದು ಹಾಗೇ ಕೂತುಬಿಟ್ಟಿತು. ಈಗ ಯೂನಿವರ್ಸಿಟಿ ಹಳಬರಿಗೆಲ್ಲ ಕೊನೆಯ ಅವಕಾಶ ಕೊಟ್ಟಿತ್ತು. ಇದೂ ತಪ್ಪಿದರೆ ಡಿಗ್ರಿಯ ಆಸೆ ಬಿಟ್ಟಂತೆಯೇ, ಮೂರು ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತೆ.

ಎರಡನೆಯ ಭಾನುವಾರ ಡೈವರ್ಜೆನ್ಸ್ ಪಾಠ. ಹುಡುಗರು ಸೂತ್ರ ಬರೆದುಕೊಂಡು, ಮ್ಯಾಚಿದೆ ಎಂದು ಓಡಿಹೋದರು. ಹರ್ಷ ಉಳಿದ. ಯಶಸ್ವಿನಿ ಬೋರ್ಡಿನ ತುಂಬ ಪುಟ್ಟ ಪುಟ್ಟ ಬಾಣ ಬರೆದಳು.

"ಇದು ನೀರು ಅಂದ್ಕೊಳ್ಳಿ. ಒಂದೊಂದು ಜಾಗದಲ್ಲಿ ಒಂದೊಂದು ಬಾಣ. ನೀರು ಯಾವ ಕಡೆಗೆ, ಎಷ್ಟು ಜೋರಾಗಿ ಹೋಗ್ತಿದೆ ಅಂತ ತೋರಿಸುತ್ತೆ. ಇದೇ ವೆಕ್ಟರ್ ಫೀಲ್ಡ್. ಈಗ ಹೇಳಿ, ಡೈವರ್ಜೆನ್ಸ್ ಅಂದರೇನು?"

ಹರ್ಷ ಎದ್ದು ನಿಂತು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. "ಬಾಣ ಒಂದ್ರಿಂದ ಒಂದು ದೂರ ಓಯ್ತಿದ್ರೆ ಪಾಸಿಟಿವ್. ಅತ್ರ ಬತ್ತಿದ್ರೆ ನೆಗೆಟಿವ್. ಸಮಾನಾಂತರ ಇದ್ರೆ ಸೊನ್ನೆ."

"ಶಿವನೇ!" ಯಶಸ್ವಿನಿ ಸೀಮೆಸುಣ್ಣ ಕೆಳಗಿಟ್ಟಳು. "ಯಾವ ಪುಣ್ಯಾತ್ಮರು ಹೇಳಿಕೊಟ್ಟರು ನಿಮಗೆ ಇದನ್ನ?"

"ಕಾಲೇಜಲ್ಲಿ ಒಬ್ರು."

"ಅವರಿಗೊಂದು ದೊಡ್ಡ ನಮಸ್ಕಾರ. ಅಂಥವರನ್ನ ಪಾಠಕ್ಕೆ ಬಿಡ್ತಾರಲ್ಲ, ಬಿಟ್ಟವರನ್ನ ಹೇಳಬೇಕು."

ಹರ್ಷ ಅವಳನ್ನೇ ನೋಡಿದ. ಹುಬ್ಬು ಕೊಂಚ ಮೇಲಕ್ಕೆ ಹೋಗಿತ್ತು, ತುಟಿ ಕೊಂಚ ತೆರೆದಿತ್ತು; ಬೀದಿಯಲ್ಲಿ ಹೋಗುವಾಗ ಯಾರೋ ಹಳೆಯ ಹೆಸರಿನಿಂದ ಕೂಗಿದರೆ ಜನ ತಿರುಗಿ ನೋಡುತ್ತಾರಲ್ಲ, ಹಾಗೆ.

"ಅದು ತಪ್ಪಾ ಮೇಡಂ?"

"ಪೂರ್ತಿ ತಪ್ಪು."

"ಅಂಗಾ," ಎಂದ ಅವನು. ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ, ಅದರ ರಟ್ಟನ್ನು ಒಮ್ಮೆ ಸವರಿ, ತಲೆ ತಗ್ಗಿಸಿ ತನ್ನಷ್ಟಕ್ಕೆ ನಕ್ಕ. ಏನು ನಗು ಎಂದು ಕೇಳಲು ಯಶಸ್ವಿನಿಗೆ ಶಕ್ತಿಯಿರಲಿಲ್ಲ. ಬೆಳಿಗ್ಗೆ ತಿಂದ ಎರಡು ಬನ್ನು ಕರಗಿ ಎಷ್ಟೋ ಹೊತ್ತಾಗಿತ್ತು.

ಅವಳು ಇನ್ನೊಂದು ಚಿತ್ರ ಬರೆದಳು. ನಡುವೆ ಒಂದು ಚುಕ್ಕೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಹರಡುವ ಬಾಣಗಳು, ದೂರ ಹೋದಷ್ಟೂ ಗಿಡ್ಡ. ಸೂತ್ರ ಹಾಕಿ ಲೆಕ್ಕ ಮಾಡಿದಳು. ಚುಕ್ಕೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಉತ್ತರ ಸೊನ್ನೆ.

"ಬಾಣ ಅಗಲಕ್ಕೆ ಹರಡ್ಕೊಂಡ್ ಓಯ್ತಾ ಅವಲ್ಲ ಮೇಡಂ. ಆದ್ರೂ ಸೊನ್ನೆಯಾ?"

"ಆದರೂ ಸೊನ್ನೆ."

"ಯಾಕೆ?"

ಯಾಕೆ! ಎಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆಗೆ ಬರುತ್ತಾ ಎಂದು ಕೇಳಿದವರೇ ಎಲ್ಲ. "ಲೆಕ್ಕ ಮಾಡಿದರೆ ಹಾಗೆ ಬರುತ್ತೆ. ಅಷ್ಟೇ," ಎಂದಳು. ಹೇಳಿದ ಮಾತು ಅವಳ ಕಿವಿಗೇ ಸಪ್ಪೆಯಾಗಿ ಕೇಳಿಸಿತು.

ಹರ್ಷ ಬೋರ್ಡನ್ನು ನೋಡಿದ. ಹಿಂದಿನ ಬಾಗಿಲು ನೋಡಿದ. ಸೀಮೆಸುಣ್ಣ ಹಿಡಿದು ಹಿತ್ತಲಿಗೆ ಹೋಗಿ, ತಾನೇ ರಿಪೇರಿ ಮಾಡಿದ್ದ ನಲ್ಲಿಯನ್ನು ಸಣ್ಣಗೆ ಬಿಟ್ಟ. ನೀರು ಸಿಮೆಂಟು ನೆಲದ ಮೇಲೆ ಬಿದ್ದು ಸುತ್ತಲೂ ಹರಡಿತು. ನಲ್ಲಿಯಿಂದ ಎರಡು ಗೇಣು ದೂರದಲ್ಲಿ, ಒದ್ದೆಯಾಗುವ ಮೊದಲೇ ಅವನೊಂದು ಚೌಕ ಗೀಚಿದ್ದ.

"ಮೇಡಂ, ಬನ್ನಿ ಇಲ್ಲಿ. ಈ ಚೌಕ ನೋಡಿ. ಈ ಕಡೆಯಿಂದ ಒಳಕ್ಕೆ ಎಷ್ಟು ಬತ್ತಾ ಅದೆ, ಅಷ್ಟೇ ಆ ಕಡೆಯಿಂದ ಆಚೆಗೆ ಓಯ್ತಾ ಅದೆ. ಅಗಲಕ್ಕೆ ಹರಡ್ಕೊಳ್ತದೆ, ದಿಟ. ಆದ್ರೆ ಅಗಲ ಆದಷ್ಟೂ ನಿಧಾನ ಆಯ್ತಾ ಅದೆ. ಚೌಕದೊಳಗೆ ಒಸ ನೀರೇನೂ ಉಟ್ತಾ ಇಲ್ಲ. ಅದ್ಕೇ ಸೊನ್ನೆ. ಉಟ್ಟೋದು ನಲ್ಲಿ ಕೆಳಗೆ ಮಾತ್ರ."

ಯಶಸ್ವಿನಿ ದುಪಟ್ಟಾ ಎತ್ತಿ ಹಿಡಿದು ನೀರಿನ ಪಕ್ಕ ಕುಳಿತಳು. ಎಷ್ಟೋ ಹೊತ್ತು ಕಣ್ಣು ತೆಗೆಯದೆ ನೋಡಿದಳು. ಸಾವಿರ ಸಲ ಬಿಡಿಸಿದ್ದ ಲೆಕ್ಕ ಅವಳ ಕಾಲ ಬುಡದಲ್ಲಿ ಹರಿಯುತ್ತಿತ್ತು.

"ಹಾಗಾದರೆ ಬಾಣಗಳು ಸಮಾನಾಂತರ ಇದ್ದಾಗ?" ಈಗ ಪ್ರಶ್ನೆ ಅವಳದು.

"ಅದು ನಮ್ಮಪ್ಪನ ಲೆಕ್ಕ. ಅವ್ನು ಹಳೇಕೋಟೆ ಕಡೆ ನೀರುಗಂಟಿ. ಕೆರೆ ತೂಬು ಎತ್ತಿ ಗದ್ದೆಗದ್ದೆಗೆ ನೀರು ಅಂಚೋ ಕೆಲ್ಸ. ಕಾಲುವೆ ತಲೇಲೊಂದು ಬುಡುದಲ್ಲೊಂದು ಕಚ್ಚು ಮಾಡಿದ್ ಕಡ್ಡಿ ನೆಡೋನು. ಬೇವಿನ ಎಲೆ ಬುಟ್ಟು ಎಷ್ಟೊತ್ತಿಗೆ ಬತ್ತದೆ ಅಂತ ನೋಡೋನು. ಕಾಲುವೆ ನೀಟಾಗಿ ನೇರಕ್ಕೇ ಅದೆ. ಆದ್ರೆ ಬುಡುದಲ್ಲಿ ನೀರು ಜಾಸ್ತಿ ಇದ್ರೆ? 'ನಡುವೆ ಎಲ್ಲೋ ಒರತೆ ಅದೆ ಕಣ್ಲಾ' ಅನ್ನೋನು. ಕಮ್ಮಿ ಇದ್ರೆ ಯಾರೋ ಕದ್ದು ತಿರುಗಿಸ್ಕೊಂಡವ್ರೆ ಅಂತ ಗುದ್ದಲಿ ಇಡ್ಕೊಂಡ್ ಒಂಟೋನು."

"ಅಂದರೆ ನೇರ ಬಾಣ ಇದ್ದರೂ ಡೈವರ್ಜೆನ್ಸ್ ಇರಬಹುದು."

"ಇರ್ಬೋದು. ಬಾಣದ ಮೂತಿ ನೋಡುದ್ರೆ ಗೊತ್ತಾಗಲ್ಲ ಮೇಡಂ. ಬಂದಿದ್ದೆಷ್ಟು, ಆಚೆಗೆ ಓಗಿದ್ದೆಷ್ಟು ಅಂತ ನೋಡ್ಬೇಕು."

ಯಶಸ್ವಿನಿ ನಕ್ಕುಬಿಟ್ಟಳು. ಪಾಠ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳಿಗೆ ತಾನೇ ಪಾಠ ಹೇಳಿಸಿಕೊಂಡದ್ದು ಯಾವ ಕಾಲವಾಗಿತ್ತೋ. ಹರ್ಷ ನಲ್ಲಿ ನಿಲ್ಲಿಸಿ, ಎದ್ದು, ಅವಳ ಕಡೆ ನೋಡದೆ ಹೇಳಿದ.

"ನಿಮ್ದೂ ಒಂದು ಲೆಕ್ಕ ಮಾಡ್ಲಾ? ಹಾಸನಕ್ಕೆ ಮೂರು ದಿನ. ಅರಕಲಗೂಡಿಗೆ ಎರಡು. ಮನೇಲಿ ಒಂದು. ಇಲ್ಲಿ ನಮ್ಗೊಂದು. ಎಲ್ಲಾ ಕಡೆಯಿಂದ್ಲೂ ಆಚೆಗೆ ಓಗೋದೇ ಕಾಣ್ತದೆ. ಒಳಕ್ಕೆ ಬರೋ ಪೈಪು ಎಲ್ಲದೆ ಮೇಡಂ?"

ಅವಳಿಗೆ ತಟ್ಟನೆ ಕಣ್ಣು ತುಂಬಿತು. ಮನೆಯಲ್ಲೂ ಯಾರೂ ಕೇಳಿರದ ಮಾತು ಅದು. "ಪಾಠ ನೋಡ್ಕೊಳ್ಳಿ ಮೊದಲು," ಎಂದು ಗದರಿ ಒಳಗೆ ಹೋದಳು.

ಆಮೇಲಿನ ಭಾನುವಾರಗಳ ಸುದ್ದಿ ಏನು ಹೇಳಲಿ! ವಾರವೆಲ್ಲ ಮುದುರಿದ ಚೂಡಿದಾರದಲ್ಲಿ ತಿರುಗುವವಳು ಭಾನುವಾರ ಮಾತ್ರ ಇಸ್ತ್ರಿ ಸೀರೆ ಉಡತೊಡಗಿದಳು. ಅಮ್ಮ ನೀಲಾಂಬಿಕೆ ಅಡುಗೆಮನೆಯಿಂದಲೇ ಕೇಳಿದರು.

"ಏನೇ, ಹೊಳೆನರಸೀಪುರದ ಗಣಿತಕ್ಕೆ ಸೀರೆ ಬೇಕಾ? ಹಾಸನದ ಗಣಿತಕ್ಕೆ ಬೇಡವಾ?"

"ಸುಮ್ಮನಿರಮ್ಮ."

"ನಾನು ಸುಮ್ಮನೇ ಇದ್ದೀನಿ ಕಣೆ. ಮೂವತ್ತೆರಡು ವರ್ಷದಿಂದ ನಿನ್ನ ಮುಖ ನೋಡ್ತಿದ್ದೀನಿ, ಅಷ್ಟೇ."

ಪರಮೇಶನೂ ಬಿಡಲಿಲ್ಲ. ಹರ್ಷನನ್ನು ಕಂಡಾಗಲೆಲ್ಲ, "ಭಾನುವಾರದ ಬಾಡೂಟ ಬಿಟ್ಟು ಗಣಿತ ತಿನ್ನೋಕೆ ಬರೋ ಗೌಡನ್ನ ನಾನಂತೂ ನೋಡಿಲ್ಲ ಕಣಪ್ಪ," ಎನ್ನುವನು. ಹರ್ಷ ಕಿವಿ ಕೆಂಪು ಮಾಡಿಕೊಂಡು ಒಳಗೆ ಬರುವನು. ಬರುವಾಗ ಚೀಲದಲ್ಲಿ ಸೀಬೆಹಣ್ಣೋ, ಎಳೆ ಸೌತೆಕಾಯಿಯೋ, ಎರಡು ಎಳನೀರೋ ಇದ್ದೇ ಇರುವುದು. ಅವನಜ್ಜಿ ಸುಬ್ಬಮ್ಮ ಕಳಿಸಿದ್ದು.

"ಬೇಯ್ಸಿದ್ದು ಏನೂ ಕಳ್ಸಲ್ಲ ಮೇಡಂ. 'ನಮ್ಮ ಪಾತ್ರೇಲಿ ಬಾಡು ಬೇಯ್ತದೆ ಕಣ್ಲಾ. ಲಿಂಗಾಯಿತ್ರ ಎಣ್ಮಗ, ಅಂಥ ಪಾತ್ರೇಲಿ ಕೊಡಬಾರ್ದು' ಅಂತಾಳೆ."

"ನಿಮ್ಮಜ್ಜಿಗೆ ನನ್ನ ವಿಷಯ ಯಾರು ಹೇಳಿದ್ದು?"

ಆ ಪ್ರಶ್ನೆಗೆ ಅವನು ಪುಸ್ತಕ ತೆರೆದು ಕೂತ. ಎಳನೀರು ಮಾತ್ರ ಸಿಹಿಯಾಗಿತ್ತು. ಆ ವಾರ ಅವಳಿಗೆ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಕಿಟಕಿಯಿಂದ ಗದ್ದೆಗಳ ಕಾಲುವೆಗಳನ್ನು ನೋಡುತ್ತಾ ಕುಳಿತಳು.

ಪರೀಕ್ಷೆಗೆ ಹತ್ತು ದಿನವಿದ್ದಾಗ, ಎಲ್ಲೋ ಪೈಪು ಒಡೆದಿದೆಯೆಂದು ಫೋನು ಬಂದು ಹರ್ಷ ಅವಸರದಲ್ಲಿ ಎದ್ದು ಹೋದ. ಹಳೆಯ ನೋಟ್‌ಬುಕ್ಕು ಬೆಂಚಿನ ಮೇಲೆಯೇ ಉಳಿಯಿತು. ಮುಂದಿನ ವಾರ ಕೊಟ್ಟರಾಯಿತೆಂದು ಯಶಸ್ವಿನಿ ಅದನ್ನು ಚೀಲಕ್ಕೆ ಹಾಕಿಕೊಂಡಳು. ಗುರುವಾರ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹೊಳೆನರಸೀಪುರ ದಾಟಿದ ಮೇಲೆ, ಸುಮ್ಮನೆ ತೆರೆದು ನೋಡಿದಳು.

ಮೊದಲ ಪುಟದಲ್ಲಿ ಎಂಟು ವರ್ಷದ ಹಿಂದಿನ ತಾರೀಕು. ಅದರ ಕೆಳಗೆ, ದುಂಡು ಅಕ್ಷರದಲ್ಲಿ: 'ಗಣಿತ. ಯಶಸ್ವಿನಿ ಮೇಡಂ.'

ಎಂಟು ವರ್ಷದ ಹಿಂದೆ, ಎಂ.ಎಸ್ಸಿ. ಮುಗಿಸಿ ಹಾಸನದ ಕಾಲೇಜಿನಲ್ಲಿ ಮೊದಲ ಸಲ ಪಾಠಕ್ಕೆ ನಿಂತ ವರ್ಷ. ಮೂರು ಸೆಕ್ಷನ್, ನೂರೆಂಬತ್ತು ಮುಖ. ಯಾರ ಮುಖವೂ ನೆನಪಿರಲಿಲ್ಲ. ಪುಟ ತಿರುವಿದಳು. 'ಬಾಣಗಳು ದೂರ ಹೋದರೆ ಪಾಸಿಟಿವ್, ಸಮಾನಾಂತರವಿದ್ದರೆ ಸೊನ್ನೆ.' ಅದರ ಪಕ್ಕದಲ್ಲಿ ಕೆಂಪು ಶಾಯಿಯ ಒಂದು ರೈಟ್ ಗುರುತು, 'ವೆರಿ ಗುಡ್', ಕೆಳಗೆ ಸಹಿ. ಸಹಿ ಅವಳದು.

ಗೈಡಿನ ಒಂದು ಚಿತ್ರ ನೋಡಿ ಹಾಗೆ ಹೇಳಿದ್ದಳು. ಯಾರೂ ಯಾಕೆಂದು ಕೇಳಲಿಲ್ಲ. ಮರುವರ್ಷ ತಿಳಿದು ತಾನೇ ತಿದ್ದಿಕೊಂಡಳು, ಮರೆತೂಬಿಟ್ಟಳು. ಆದರೆ ಮೊದಲ ವರ್ಷದವರ ಮನೆಮನೆಗೆ ಹೋಗಿ ತಿದ್ದಿ ಬರುವವರು ಯಾರು?

ಪುಟಗಳ ನಡುವೆ ಮಡಿಸಿದ ಕಾಗದವೊಂದಿತ್ತು. ಅವನು ಫೇಲಾದ ಪರೀಕ್ಷೆಯ ಉತ್ತರ ಪತ್ರಿಕೆಯ ಜೆರಾಕ್ಸ್. ಚುಕ್ಕೆಯಿಂದ ಹರಡುವ ಬಾಣಗಳ ಅದೇ ಲೆಕ್ಕ. ಹಂತ ಹಂತವಾಗಿ, ಒಂದು ತಪ್ಪಿಲ್ಲದೆ ಮಾಡಿ, ಕೊನೆಗೆ ಸೊನ್ನೆ ಎಂದು ಬರೆದಿದ್ದ. ಆಮೇಲೆ ಇಡೀ ಲೆಕ್ಕಕ್ಕೆ ಅಡ್ಡಗೀಟು ಎಳೆದು, ಕೆಳಗೆ ಬರೆದಿದ್ದ: 'ಬಾಣಗಳು ದೂರ ಹೋಗುತ್ತವೆ. ಆದ್ದರಿಂದ ಪಾಸಿಟಿವ್.'

ಆ ಪ್ರಶ್ನೆಗೆ ಆರು ಅಂಕ. ಅವನು ಹೋದದ್ದು ಮೂರರಲ್ಲಿ.

"ಹೋಲ್ಡಾನ್! ನಿಲ್ಲಿಸಿ!" ಎಂದು ಯಶಸ್ವಿನಿ ಎದ್ದು ನಿಂತಳು.

"ಅರಕಲಗೂಡು ಇನ್ನೂ ಎಲ್ಲದೆ ಮೇಡಂ?" ಎಂದ ಕಂಡಕ್ಟರ್.

"ಪರವಾಗಿಲ್ಲ. ಇಳಿಸಿ."

ಎಂಟು ವರ್ಷದಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಎದುರು ಬಂದ ಬಸ್ಸು ಹತ್ತಿ ಹೊಳೆನರಸೀಪುರದಲ್ಲಿ ಇಳಿದಳು. ಪರಮೇಶನನ್ನು ಕೇಳಿಕೊಂಡು ಊರ ಅಂಚಿನ ನೀರಿನ ಟ್ಯಾಂಕಿನ ಹತ್ತಿರ ಹೋದಾಗ, ಹರ್ಷ ಅದರ ನೆರಳಲ್ಲಿ ಕುಳಿತು ಮೀಟರಿನ ಅಂಕಿ ಬರೆದುಕೊಳ್ಳುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ. ಆಮೇಲೆ ನಕ್ಕ.

"ಊರಿಗೆ ಬಂದೋರು ನೀರಿಗೆ ಬರ್ದೆ ಇರ್ತಾರಾ ಅಂದ್ಕೊಂಡಿದ್ದೆ. ಬಂದೇಬುಟ್ರಿ."

ಅವಳು ನಗಲಿಲ್ಲ. ನೋಟ್‌ಬುಕ್ಕನ್ನು ಮುಂದೆ ಹಿಡಿದಳು. "ಆ ಪುಣ್ಯಾತ್ಗಿತ್ತಿ ನಾನೇ."

ಅವನ ನಗು ಮೆಲ್ಲಗೆ ಇಳಿಯಿತು. "ಗೊತ್ತು ಮೇಡಂ."

"ಯಾವಾಗಿಂದ?"

"ನೀವು 'ಪೂರ್ತಿ ತಪ್ಪು' ಅಂದ್ರಲ್ಲ, ಆವತ್ತಿಂದ. ಅಲ್ಲೀಗಂಟ ಪೇಪರ್ ತಿದ್ದಿದೋರೇ ತಪ್ಪು ಮಾಡವ್ರೆ ಅಂದ್ಕೊಂಡಿದ್ದೆ. ಪಾಪ, ಇಷ್ಟು ವರ್ಷ ಅವ್ರನ್ನ ಬೈದಿವ್ನಿ. ನೀವು ತಪ್ಪು ಹೇಳ್ಬೋದು ಅಂತ ತಲೆಗೇ ಬರ್ಲಿಲ್ಲ."

"ಸೊನ್ನೆ ಬಂದಿತ್ತಲ್ಲ ನಿಮಗೆ! ಸರಿಯಾಗಿ ಬಂದಿತ್ತು! ಯಾಕೆ ಹೊಡೆದು ಹಾಕಿದಿರಿ?"

"ಲೆಕ್ಕ ಒಂದು ಹೇಳ್ತಿತ್ತು. ನೀವು ಒಂದು ಹೇಳಿದ್ರಿ." ಹರ್ಷ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ನಾನು ನಿಮ್ಮನ್ನ ನಂಬ್ದೆ."

ಯಶಸ್ವಿನಿ ಟ್ಯಾಂಕಿನ ಕಂಬಕ್ಕೆ ಒರಗಿ, ಮುಖ ಮುಚ್ಚಿಕೊಂಡು ಅತ್ತಳು. ಎಂಟು ವರ್ಷದ ಬಸ್ಸುಗಳ ಸುಸ್ತೆಲ್ಲ ಸೇರಿ ಅತ್ತಳು. ಅವನು ಸಮಾಧಾನ ಮಾಡಲು ಬರಲಿಲ್ಲ, ದೂರವೂ ಹೋಗಲಿಲ್ಲ. ಅವಳ ಅಳು ನಿಂತ ಮೇಲೆ ತನ್ನ ಟವೆಲ್ ನೀರಲ್ಲಿ ಅದ್ದಿ, ಹಿಂಡಿ ಕೊಟ್ಟ.

"ಹಾಸನದಲ್ಲಿ ಬೇಕಾದಷ್ಟು ಟ್ಯೂಷನ್ ಇವೆ. ನನ್ನ ಹತ್ತಿರವೇ ಯಾಕೆ ಬಂದಿರಿ?"

"ಆಗ ನಂಗೆ ಇಪ್ಪತ್ತಾರು ವರ್ಷ. ಕ್ಲಾಸಲ್ಲಿ ಎಲ್ರೂ 'ಅಂಕಲ್' ಅಂತ ರೇಗಿಸೋರು. ನೀವೊಬ್ರು ಅಟೆಂಡೆನ್ಸ್ ಕರೀವಾಗ 'ಹರ್ಷವರ್ಧನ್ ಅವರೇ' ಅಂತ ಪೂರ್ತಿ ಹೆಸ್ರು ಇಡ್ದು ಕರೀತಿದ್ರಿ. ಇಡೀ ದಿನ ಅದೊಂದೇ ಕೇಳುಸ್ತಿತ್ತು ನಂಗೆ. ನೀವು ಇಲ್ಲಿ ಪಾಠ ಮಾಡ್ತೀರಿ ಅಂತ ತಿಳೀತು. ಪರೀಕ್ಷೆ ಒಂದು ನೆಪ ಆಯ್ತು. ಅಷ್ಟೇಯ."

ಇವನು ಬೇಕು ಎಂದು ಅವಳಿಗೆ ಆಗ ನಿಚ್ಚಳವಾಗಿ ಗೊತ್ತಾಯಿತು. ಜೊತೆಗೇ, ಬೇಕೆಂದು ಕೇಳುವ ಮುಖ ತನಗಿಲ್ಲವೆಂದೂ ಗೊತ್ತಾಯಿತು.

"ಈ ಸಲ ನೀವು ಪಾಸಾಗದಿದ್ದರೆ ನಾನು ನಿಮ್ಮ ಎದುರಿಗೆ ಬರಲ್ಲ," ಎಂದಳು. "ನಿಮ್ಮ ಎಂಟು ವರ್ಷ ನುಂಗಿ ಹಾಕಿದ್ದೀನಿ. ಇನ್ನೊಂದು ಸಲ ನುಂಗಿದರೆ ನಿಮ್ಮ ಮುಖ ನೋಡೋ ಹಕ್ಕು ನನಗಿರಲ್ಲ."

"ಪಾಸಾದ್ರೆ?"

"ಮೊದಲು ಆಗಿ."

ಉಳಿದ ದಿನಗಳಲ್ಲಿ ಹಾಸನದಿಂದ ಬರುವಾಗಲೂ ಅವಳು ಹೊಳೆನರಸೀಪುರದ ಸುತ್ತುದಾರಿ ಹಿಡಿದಳು. ಸಂಜೆ ಒಂದೊಂದು ಗಂಟೆ ಪಾಠ. ಮಾತು ಕಡಿಮೆ, ಲೆಕ್ಕ ಜಾಸ್ತಿ. ಪರೀಕ್ಷೆಯ ದಿನ ಹಾಸನದ ಕಾಲೇಜಿನ ಗೇಟಿನ ಹೊರಗೆ, ಎರಡು ಕ್ಲಾಸುಗಳ ನಡುವಿನ ಬಿಡುವಿನಲ್ಲಿ, ಕೊಡೆ ಹಿಡಿದು ಕಾದಳು. ಹರ್ಷ ಎಲ್ಲರಿಗಿಂತ ಕೊನೆಯಲ್ಲಿ ಹೊರಬಂದ.

"ಆ ಲೆಕ್ಕ ಬಂದಿತ್ತಾ?"

"ಯಾವ್ದು, ಸೊನ್ನೇದಾ?"

"ಹೂಂ ಮತ್ತೆ!"

"ಬಂದಿರ್ಲಿಲ್ಲ ಮೇಡಂ. ಡೈವರ್ಜೆನ್ಸೇ ಬಂದಿರ್ಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು ನೋಡಿ, ಗೇಟಿನ ಸೆಕ್ಯುರಿಟಿಯವನು ಎದ್ದು ಬರುವಷ್ಟು. ನಗು ಮುಗಿದ ಮೇಲೆ ಯಶಸ್ವಿನಿ ಕೊಡೆ ಮಡಿಸಿದಳು. ಉಳಿದದ್ದು ಹೇಗೆ ಬರೆದಿರಿ ಎಂದು ಕೇಳುವ ಧೈರ್ಯವಾಗಲಿಲ್ಲ. ಅವನೂ ಹೇಳಲಿಲ್ಲ.

ಆರು ವಾರ. ರಿಸಲ್ಟ್ ಬರುವ ತನಕ ಬರಬೇಡಿ ಎಂದವಳು ಅವಳೇ. ಹೇಳುವಾಗ ಸುಲಭವಾಗಿತ್ತು. ಭಾನುವಾರಗಳು ಮತ್ತೆ ಮೊದಲಿನಂತೆ ಬರೀ ದಣಿವಿನ ಭಾನುವಾರಗಳಾದವು. ಸೀರೆಗೆ ಇಸ್ತ್ರಿ ನಿಂತಿತು. ಅಮ್ಮ ಏನೂ ಕೇಳದೆ ಅವಳ ತಲೆಗೆ ಹರಳೆಣ್ಣೆ ತಟ್ಟಿದರು.

ಶನಿವಾರ ಸಂಜೆ ರಿಸಲ್ಟ್ ಬಂತೆಂದು ಸುದ್ದಿ. ಉತ್ತರ ಪತ್ರಿಕೆಯಲ್ಲಿ ನೋಡಿದ್ದ ಅವನ ನಂಬರು ಅವಳಿಗೆ ಬಾಯಿಪಾಠ. ಮೊಬೈಲಿನಲ್ಲಿ ನಂಬರು ಹಾಕಿದಳು, ಒತ್ತಲಾರದೆ ಅಳಿಸಿದಳು. ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ಕೋಣೆಯಲ್ಲಿ ಒಬ್ಬಳೇ ಕುಳಿತು, ಬಾಗಿಲ ಕಡೆ ನೋಡಬಾರದೆಂದು ಬೋರ್ಡು ನೋಡುತ್ತಿದ್ದಳು. ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು.

ತಿರುಗದೆಯೇ ಹೇಳಿದಳು. "ನಲ್ಲಿ ಸರಿಯಾಗಿದೆ."

"ಐವತ್ತೊಂದು," ಎಂದ ಹರ್ಷ.

ಯಶಸ್ವಿನಿ ಕಣ್ಣು ಮುಚ್ಚಿದಳು. ಪಾಸಾಗಿದ್ದ. ಕಣ್ಣು ಬಿಟ್ಟಾಗ ಅವನು ಎದುರಿಗಿದ್ದ. ಕೈಯಲ್ಲಿ ರೆಂಚಿರಲಿಲ್ಲ. ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಇತ್ತು. ಬೆಂಚಿನ ಮೇಲಿಟ್ಟು ಒಂದೊಂದೇ ಡಬ್ಬಿ ಬಿಡಿಸಿದ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು.

"ಅಜ್ಜಿ ಕಳ್ಸವ್ಳೆ. ಉಣ್ಣಿ ಮೇಡಂ."

"ಬೇಯಿಸಿದ್ದು ಕಳಿಸಲ್ಲ ಅಂತಿದ್ದರು?"

"ಒಸ ಕ್ಯಾರಿಯರ್ರು. ರೊಟ್ಟಿ ಬೇಯ್ಸಿದ್ದೂ ಒಸ ಎಂಚಲ್ಲೇ."

ಡಬ್ಬಿಯ ತಳ ತಿರುಗಿಸಿ ನೋಡಿದಳು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಅಯ್ಯೋ, ಒಂದು ಹೊತ್ತಿನ ಊಟಕ್ಕೆ ಹೊಸ ಪಾತ್ರೆ ತಂದರಾ, ಪಾಪ?"

"ಒಂದೊತ್ತಿಗೆ ಯಾರ್ ತತ್ತಾರೆ?" ಹರ್ಷ ಈಗ ನೇರವಾಗಿ ಅವಳನ್ನು ನೋಡಿದ. ಕಿವಿ ಕೆಂಪಾಗಿತ್ತು, ಆದರೆ ಪುಸ್ತಕ ತೆರೆಯಲಿಲ್ಲ. "ಇಡೀ ಸಾಮಾನೇ ತಂದವ್ಳೆ. ತಪ್ಪಲೆ, ಎಂಚು, ಸೌಟು, ಕುಕ್ಕರ್ರು. ಒಲೆನೂ ಬೇರೆ. ಅಡ್ಗೆಮನೇಲಿ ಕಿಟಕಿ ಅತ್ರ ಜಾಗ ಮಾಡಿ ಜೋಡ್ಸವ್ಳೆ. ನನ್ನ ಆ ಕಡೆಗೆ ಕಾಲಿಡೋಕೂ ಬುಡಲ್ಲ. 'ಯಾವಾಗ ಬತ್ತದೆ ಕಣ್ಲಾ ಆ ಮಗ' ಅಂತ ದಿನಾ ಕೇಳ್ತಾಳೆ."

ಯಶಸ್ವಿನಿ ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೆರೆದಳು. ಆಮೇಲೆ ಏನೋ ಹೊಳೆದು ಕೇಳಿದಳು. "ಯಾವಾಗ ತಂದಿದ್ದು ಇದನ್ನೆಲ್ಲ? ನಿನ್ನೆಯಾ?"

"ಇಲ್ಲ. ನೀವು ಟ್ಯಾಂಕ್ ಕೆಳಗೆ ಅತ್ತುಬುಟ್ರಲ್ಲ, ಆ ವಾರದ ಸಂತೇಲಿ."

"ರಿಸಲ್ಟಿಗೂ ಮುಂಚೆನಾ? ಫೇಲಾಗಿದ್ದರೆ?"

"ಫೇಲಾದ್ರೂ ಉಣ್ಲೇಬೇಕಲ್ಲ ಮೇಡಂ."

ಅವಳು ನಗುತ್ತಲೇ ಅತ್ತಳು. ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟಳು. ಬೆಳಿಗ್ಗೆ ಆರಕ್ಕೆ ಬನ್ನು ತಿಂದು ಹೊರಟ ಹೊಟ್ಟೆ, ಎಂಟು ವರ್ಷದ ಹಸಿವು. ಒಂದು ರೊಟ್ಟಿ ಮುಗಿಯುವ ತನಕ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಹುಡುಗರು ಬಂದು ಬಾಗಿಲಲ್ಲಿ ನಿಂತರು.

"ಇವತ್ತು ಪಾಠ ಇಲ್ಲ, ಹೋಗ್ರೋ," ಎಂದಳು ಯಶಸ್ವಿನಿ. ಅವರು ಓಡಿಹೋದ ಮೇಲೆ ಹರ್ಷನ ಕಡೆ ತಿರುಗಿದಳು. "ಮುಂದಿನ ಭಾನುವಾರವೂ ಇಲ್ಲ. ಹಳೇಕೋಟೆಗೆ ಬರ್ತೀನಿ ಅಂತ ಅಜ್ಜಿಗೆ ಹೇಳಿ. ಅಮ್ಮನನ್ನೂ ಕರ್ಕೊಂಡು ಬರ್ತೀನಿ."

ಅವನು ತಲೆಯಾಡಿಸಿದ.

"ಇನ್ನೊಂದು ವಿಷಯ. ಇನ್ನು ಮೇಲೆ ಮೇಡಂ ಅನ್ನಬೇಡಿ."

"ಮತ್ತೆ ಏನಂತ ಕರೀಲಿ?"

ಅವಳು ಚಟ್ನಿಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡಳು. ಹರ್ಷ ಡಬ್ಬಿಯಿಂದ ಇನ್ನೊಂದು ರೊಟ್ಟಿ ತೆಗೆದು ಕೈಯಲ್ಲಿ ಹಿಡಿದು, ಅಟೆಂಡೆನ್ಸ್ ಕರೆಯುವವರಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಯಶಸ್ವಿನಿ ಅವರೇ, ಇನ್ನೊಂದು ಹಾಕ್ಲಾ?"